ಅಕ್ಯುಪಂಕ್ಚರ್ ಮತ್ತು ಗಿಡಮೂಲಿಕೆ ಔಷಧಿ: ಮೊದಲ ಸಲ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಮಂಡಿನೋವಿಗೆ ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಡಿಸಿಕೊಂಡವರು, ಮೈಗ್ರೇನ್ ಬಂದಾಗಲೆಲ್ಲ ರಜೆ ಹಾಕುವವರು, ಕುತ್ತಿಗೆ ಹಿಡಿದುಕೊಂಡು ಸ್ಕೂಟರ್ ಓಡಿಸಲಾಗದವರು. ಇಂಥವರಿಗೆ ಯಾರಾದರೂ ಒಬ್ಬರು ‘ಸೂಜಿ ಹಾಕಿಸ್ಕೊಂಡು ನೋಡಿ’ ಅಂತಲೋ ‘ಆಯುರ್ವೇದ ಮಾಡಿ ನೋಡಿ’ ಅಂತಲೋ ಹೇಳಿಯೇ ಇರುತ್ತಾರೆ. ಕರ್ನಾಟಕದಲ್ಲಿ ಎರಡೂ ಸುಲಭವಾಗಿ ಸಿಗುತ್ತವೆ. ಪ್ರಕೃತಿ ಚಿಕಿತ್ಸಾ ಆಸ್ಪತ್ರೆಗಳಲ್ಲಿ ಸೂಜಿ (ಅಂದರೆ ಅಕ್ಯುಪಂಕ್ಚರ್, ಮೈಯ ನಿರ್ದಿಷ್ಟ ಬಿಂದುಗಳಿಗೆ ಸಣ್ಣ ಸೂಜಿ ಚುಚ್ಚುವ ಚೀನೀ ಚಿಕಿತ್ಸೆ), ಆಯುರ್ವೇದ ಕಾಲೇಜುಗಳಲ್ಲಿ ಕಷಾಯ, ಪೇಟೆಯ ಗ್ರಂಧಿಗೆ ಅಂಗಡಿಯಲ್ಲಿ ಬೇರು-ನಾರು. ಆದರೆ ಮೊದಲ ಸಲ ಹೋಗುವವರಿಗೆ ಏನು ಕೇಳಬೇಕು, ಏನು ಹೇಳಬೇಕು, ಯಾವಾಗ ಬೇಡ ಅನ್ನಬೇಕು ಎಂಬುದು ಗೊತ್ತಿರುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಎರಡೂ ಚಿಕಿತ್ಸೆಗಳಲ್ಲಿ ತಪ್ಪಿಸಬಹುದಾದ ತೊಂದರೆ ಹೆಚ್ಚಾಗಿ ಹುಟ್ಟುವುದು ಮುಚ್ಚುಮರೆಯಿಂದ. ಆಯುರ್ವೇದ ವೈದ್ಯರಿಗೆ ನಿಮ್ಮ ಬಿಪಿ ಮಾತ್ರೆ ಯಾವುದೆಂದು ಗೊತ್ತಿರುವುದಿಲ್ಲ. ಹೃದಯದ ಡಾಕ್ಟರಿಗೆ ನೀವು ಬೆಳಗ್ಗೆ ಕುಡಿಯುವ ಕಷಾಯ ಗೊತ್ತಿರುವುದಿಲ್ಲ. ‘ಹೇಳಿದ್ರೆ ಬೈತಾರೆ’ ಅಂತ ನೀವು ಸುಮ್ಮನಿರುತ್ತೀರಿ. ಮುಂದೆ ಹೇಳುವ ಹಂತಗಳಲ್ಲಿ ಹೆಚ್ಚಿನವು ಈ ಮೌನವನ್ನು ಮುರಿಯುವುದಕ್ಕೇ ಇವೆ.

ಹಂತ 1: ಕಾಯಿಲೆ ಯಾವುದು ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಸೂಜಿಯಾಗಲಿ ಕಷಾಯವಾಗಲಿ, ರೋಗ ಪತ್ತೆಯಾದ ಮೇಲೆ ಶುರು ಮಾಡಬೇಕು. ಬೆನ್ನುನೋವಿನ ಜೊತೆ ಮೂತ್ರ ಹಿಡಿತ ತಪ್ಪುತ್ತಿದ್ದರೆ, ಎದೆ ಹಿಂಡಿದಂತಾದರೆ, ಮುಖ ಒಂದು ಕಡೆಗೆ ವಾಲಿ ಮಾತು ತೊದಲಿದರೆ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಎದೆಯಲ್ಲೋ ಕುತ್ತಿಗೆಯಲ್ಲೋ ಗಂಟು, ಇವಕ್ಕೆಲ್ಲ ಮೊದಲು ಪರೀಕ್ಷೆ. ಆಮೇಲೆ ಬೇಕಾದರೆ ಉಳಿದದ್ದು.

ಹಾಗಾದರೆ ಸೂಜಿಯಿಂದ ಉಪಯೋಗ ಯಾವುದಕ್ಕೆ? ಹಳೆಯ ನೋವುಗಳಿಗೆ ಪುರಾವೆ ಸ್ವಲ್ಪ ಗಟ್ಟಿಯಾಗಿದೆ: ಬೆನ್ನು, ಕುತ್ತಿಗೆ, ಮಂಡಿ, ಪದೇ ಪದೇ ಬರುವ ತಲೆನೋವು. ಆಪರೇಷನ್ ಆದ ಮೇಲಿನ ವಾಕರಿಕೆಗೆ ಮುಂಗೈಯ ಒಳಭಾಗದಲ್ಲಿ, ಮಣಿಕಟ್ಟಿನಿಂದ ಸುಮಾರು ಎರಡು ಇಂಚು ಮೇಲಿರುವ ಬಿಂದುವನ್ನು ಒತ್ತುವುದರಿಂದಲೋ ಚುಚ್ಚುವುದರಿಂದಲೋ ಅನುಕೂಲ ಆಗುತ್ತದೆ ಎಂದೂ ಹಲವು ಪ್ರಯೋಗಗಳು ತೋರಿಸಿವೆ. ಮಧುಮೇಹ ವಾಸಿ, ಥೈರಾಯ್ಡ್ ವಾಸಿ, ಕ್ಯಾನ್ಸರ್ ವಾಸಿ ಅಂತ ಬೋರ್ಡ್ ಹಾಕಿದವರ ಕಡೆ ಹೋಗಬೇಡಿ.

ಇಲ್ಲಿ ಒಂದು ವಿಚಿತ್ರ ಇದೆ. ಜರ್ಮನಿಯಲ್ಲಿ ಬೆನ್ನುನೋವಿನ 1,162 ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2007ರಲ್ಲಿ ಬಂತು. ಆರು ತಿಂಗಳ ನಂತರ ಸರಿಯಾದ ಬಿಂದುಗಳಿಗೆ ಚುಚ್ಚಿಸಿಕೊಂಡವರಲ್ಲಿ ಶೇ 47.6 ಮಂದಿಗೆ ಗುಣ ಕಂಡಿತ್ತು. ಬೇಕೆಂದೇ ಬೇರೆ ಜಾಗಗಳಲ್ಲಿ, ಆಳಕ್ಕೆ ಹೋಗದಂತೆ ಚುಚ್ಚಿಸಿಕೊಂಡವರಲ್ಲಿ ಶೇ 44.2. ಮಾತ್ರೆ, ವ್ಯಾಯಾಮದ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ 27.4. ಅಂದರೆ ಸೂಜಿ ಹಾಕಿಸಿಕೊಂಡವರಿಗೆ ಲಾಭ ಆಗಿದ್ದು ನಿಜ, ಆದರೆ ಬಿಂದು ಯಾವುದು ಅನ್ನುವುದರಿಂದ ಅಷ್ಟೇನೂ ವ್ಯತ್ಯಾಸ ಆಗಲಿಲ್ಲ. ಈ ಕಾರಣಕ್ಕೇ ತಜ್ಞರಲ್ಲಿ ಜಗಳ ಇನ್ನೂ ನಿಂತಿಲ್ಲ. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ 2012ರಲ್ಲಿ ತಲೆನೋವಿಗೆ 5ರಿಂದ 8 ವಾರಗಳಲ್ಲಿ 10 ಸಲದವರೆಗೆ ಸೂಜಿ ಪರಿಗಣಿಸಬಹುದು ಅಂದಿತು. 2016ರಲ್ಲಿ ಸೊಂಟನೋವಿಗೆ ಬೇಡ ಅಂದಿತು. ಮರುವರ್ಷವೇ ಅಮೆರಿಕದ ವೈದ್ಯರ ಸಂಘ ಅದೇ ಸೊಂಟನೋವಿಗೆ ಹೂಂ ಅಂದಿತು! ನೋವಿನಿಂದ ಒದ್ದಾಡುವವರಿಗೆ ಈ ಜಗಳ ಅಷ್ಟು ಮುಖ್ಯ ಅಲ್ಲ ಅನ್ನುವುದು ನನ್ನ ಲೆಕ್ಕ. ಆದರೆ ‘ಈ ಒಂದು ಬಿಂದು ನನಗೆ ಮಾತ್ರ ಗೊತ್ತು’ ಅಂತ ಹೆಚ್ಚು ಹಣ ಕೇಳುವವರನ್ನು ನಂಬಬೇಡಿ.

ಹಂತ 2: ಯಾರ ಹತ್ತಿರ ಹೋಗುವುದು

1938ರಲ್ಲಿ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರ ತಂಡದಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಇದ್ದರು ಅನ್ನುವುದು ಹಲವರಿಗೆ ಗೊತ್ತು. ಅದೇ ತಂಡದ ಡಾ. ಬಿಜೊಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಅಲ್ಲಿಗೆ ಹೋಗಿ ಸೂಜಿ ಚಿಕಿತ್ಸೆ ಕಲಿತು ಬಂದು ಕೋಲ್ಕತ್ತದಲ್ಲಿ ಶುರು ಮಾಡಿದರು. ಬಂಗಾಳದಲ್ಲಿ 1996ರಲ್ಲೇ ಇದಕ್ಕೆ ಪ್ರತ್ಯೇಕ ಕಾಯ್ದೆ ಬಂದಿದ್ದರ ಹಿಂದೆ ಈ ಹಿನ್ನೆಲೆ ಇದೆ. ಆಮೇಲೆ ಮಹಾರಾಷ್ಟ್ರವೂ ಕಾಯ್ದೆ ಮಾಡಿತು. ಕೇಂದ್ರ ಸರ್ಕಾರ 2003ರಲ್ಲಿ ಇದನ್ನು ಒಂದು ಚಿಕಿತ್ಸಾ ವಿಧಾನವೆಂದು ಒಪ್ಪಿತು, 2019ರಲ್ಲಿ ಪ್ರತ್ಯೇಕ ಚಿಕಿತ್ಸಾ ಪದ್ಧತಿಯೆಂದು ಮಾನ್ಯ ಮಾಡಿತು.

ಆದರೂ ವಾರಾಂತ್ಯದ ಕೋರ್ಸ್ ಮುಗಿಸಿ ಗೋಡೆಗೆ ಸರ್ಟಿಫಿಕೇಟ್ ನೇತುಹಾಕಿದವರು ಎಲ್ಲ ಊರಲ್ಲೂ ಇದ್ದಾರೆ. ಆದ್ದರಿಂದ ಕರ್ನಾಟಕದಲ್ಲಿ ಸುರಕ್ಷಿತ ದಾರಿ ಎಂದರೆ ಮೊದಲು ವೈದ್ಯಕೀಯ ಪದವಿ ನೋಡುವುದು, ಆಮೇಲೆ ಸೂಜಿಯ ತರಬೇತಿ ಕೇಳುವುದು. ಬಿಎನ್‌ವೈಎಸ್ ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಐದೂವರೆ ವರ್ಷದ ಪದವಿ. ಅದರ ಪಾಠದಲ್ಲೇ ಅಕ್ಯುಪಂಕ್ಚರ್ ಇದೆ. ಉಜಿರೆಯಲ್ಲಿ ಈ ಕಾಲೇಜು 1989ರಲ್ಲೇ ಶುರುವಾಯಿತು, ಮೈಸೂರಿನಲ್ಲಿ ಸರ್ಕಾರಿ ಕಾಲೇಜೂ ಇದೆ. ಎಂಬಿಬಿಎಸ್ ಅಥವಾ ಬಿಎಎಂಎಸ್ (ಆಯುರ್ವೇದದ ಪದವಿ) ಮಾಡಿ ಆಮೇಲೆ ಅಕ್ಯುಪಂಕ್ಚರ್ ಕಲಿತವರೂ ಸಿಗುತ್ತಾರೆ.

ಗಿಡಮೂಲಿಕೆ ಔಷಧಿಗೆ ಬಿಎಎಂಎಸ್ ಓದಿದವರು. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು 1908ರಿಂದ ಇದೆ. ಉಡುಪಿ, ಹಾಸನ, ಬೆಂಗಳೂರು ಹೀಗೆ ಕಾಲೇಜು ಆಸ್ಪತ್ರೆ ಇರುವ ಊರುಗಳಲ್ಲಿ ಹೊರರೋಗಿ ವಿಭಾಗದ ಖರ್ಚು ಕಡಿಮೆ. ಕಾಲೇಜಿನಲ್ಲಿ ಹಿರಿಯ ವೈದ್ಯರೊಬ್ಬರು ಮೇಲೆ ಇರುತ್ತಾರೆ ಎನ್ನುವುದು ಇನ್ನೂ ದೊಡ್ಡ ಅನುಕೂಲ.

ಆಯುರ್ವೇದ, ಪ್ರಕೃತಿ ಚಿಕಿತ್ಸೆ, ಯುನಾನಿ ವೈದ್ಯರಿಗೆ ರಾಜ್ಯ ಮಂಡಳಿಯ ನೋಂದಣಿ ಸಂಖ್ಯೆ ಇರುತ್ತದೆ. ಖಾಸಗಿ ಕ್ಲಿನಿಕ್ಕಿಗೆ 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯ ನೋಂದಣಿಯೂ ಬೇಕು. ಕೇಳಲು ಸಂಕೋಚ ಬೇಡ. ‘ಡಾಕ್ಟ್ರೇ, ನಿಮ್ಮ ನೋಂದಣಿ ನಂಬರ್ ಯಾವುದು, ಅಕ್ಯುಪಂಕ್ಚರ್ ಎಲ್ಲಿ ಕಲಿತಿರಿ?’ ಅಂದರೆ ಸರಿಯಾದವರು ಸಿಟ್ಟಾಗುವುದಿಲ್ಲ.

ನಾಟಿ ವೈದ್ಯರ ವಿಷಯ ಸೂಕ್ಷ್ಮ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ತಲೆಮಾರುಗಳಿಂದ ಔಷಧಿ ಕೊಡುವ ಮನೆತನಗಳಿವೆ, ಗಿಡದ ಗುರುತು ಅವರಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಆದರೆ ಔಷಧಿಯಲ್ಲಿ ಏನಿದೆ ಅಂತ ಹೇಳದವರ ಔಷಧಿ ತೆಗೆದುಕೊಳ್ಳುವುದು ಅಪಾಯ. ಹೇಳಿದರೆ ಗುಣ ಹೋಗುತ್ತದೆ ಅನ್ನುವ ನಂಬಿಕೆಯನ್ನು ಗೌರವಿಸಿ, ಔಷಧಿ ಮಾತ್ರ ಬೇಡ ಅನ್ನಿ. ಕಾಮಾಲೆಗೆ ನಾಟಿ ಔಷಧಿ ಫಲ ಕೊಟ್ಟಂತೆ ಕಾಣುವುದಕ್ಕೆ ಕಾರಣವೂ ಇದೆ: ಹೆಪಟೈಟಿಸ್ ಎ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಕಾಮಾಲೆಯ ಕಾರಣ ಹೆಪಟೈಟಿಸ್ ಬಿ ಇರಬಹುದು, ಪಿತ್ತನಾಳದ ಕಲ್ಲಿರಬಹುದು. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಆಗದೆ ಯಾವ ಔಷಧಿಯೂ ಬೇಡ.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ. ‘ಮೊದಲು ಇಂಗ್ಲಿಷ್ ಮಾತ್ರೆ ಎಲ್ಲ ನಿಲ್ಲಿಸಿ, ಆಮೇಲೆ ನನ್ನ ಚಿಕಿತ್ಸೆ’ ಅನ್ನುವವರ ಬಾಗಿಲಲ್ಲೇ ತಿರುಗಿ ಬನ್ನಿ. ಇನ್ಸುಲಿನ್, ಫಿಟ್ಸ್ ಮಾತ್ರೆ, ಸ್ಟೀರಾಯ್ಡ್, ಹೃದಯದ ಮಾತ್ರೆ, ಥೈರಾಯ್ಡ್ ಮಾತ್ರೆ ಇವನ್ನು ಬರೆದುಕೊಟ್ಟ ಡಾಕ್ಟರನ್ನು ಕೇಳದೆ ನಿಲ್ಲಿಸಿದರೆ ಜೀವಕ್ಕೇ ಬರಬಹುದು.

ಹಂತ 3: ಒಂದು ಹಾಳೆ, ಎರಡು ಕಡೆ

ಬಿಳಿ ಹಾಳೆಯಲ್ಲಿ ಈ ಕೆಳಗಿನವನ್ನು ಬರೆಯಿರಿ. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಎರಡೂ ಕಡೆಯ ವೈದ್ಯರಿಗೆ ಅದೇ ಹಾಳೆ ತೋರಿಸಿ.

- ಈಗ ನುಂಗುತ್ತಿರುವ ಎಲ್ಲ ಮಾತ್ರೆ, ಡೋಸ್ ಸಮೇತ. ಕಣ್ಣಿನ ಹನಿ, ಇನ್‌ಹೇಲರ್, ಗರ್ಭನಿರೋಧಕ ಮಾತ್ರೆಯೂ ಸೇರಿ
- ಮನೆಮದ್ದು: ಅಮೃತಬಳ್ಳಿ ಕಷಾಯ, ಮೆಂತ್ಯದ ನೀರು, ಹಾಗಲಕಾಯಿ ರಸ, ಅಶ್ವಗಂಧ ಪುಡಿ, ಅರಿಶಿನದ ಕ್ಯಾಪ್ಸೂಲ್
- ರಕ್ತ ಹೆಪ್ಪುಗಟ್ಟದಂತೆ ತೆಗೆದುಕೊಳ್ಳುವ ವಾರ್ಫರಿನ್, ಅಸಿಟ್ರೋಮ್, ಕ್ಲೋಪಿಡೊಗ್ರೆಲ್, ಆಸ್ಪಿರಿನ್
- ಪೇಸ್‌ಮೇಕರ್, ಕೃತಕ ಹೃದಯ ಕವಾಟ, ಫಿಟ್ಸ್, ಸೂಜಿ ಕಂಡರೆ ತಲೆಸುತ್ತಿ ಬೀಳುವ ಅಭ್ಯಾಸ
- ಗರ್ಭಿಣಿಯೇ, ಹಾಲೂಡಿಸುತ್ತಿದ್ದೀರಾ, ಮಗುವಿಗೆ ಪ್ರಯತ್ನಿಸುತ್ತಿದ್ದೀರಾ
- ಇತ್ತೀಚಿನ ರಕ್ತಪರೀಕ್ಷೆ: ಸಕ್ಕರೆ, ಕ್ರಿಯಾಟಿನಿನ್, ಯಕೃತ್ತಿನ ಪರೀಕ್ಷೆ, ಪ್ಲೇಟ್‌ಲೆಟ್

ಮನೆಮದ್ದಿನ ಸಾಲನ್ನು ಜನ ಬಿಟ್ಟುಬಿಡುತ್ತಾರೆ. ‘ಅದೇನ್ ಔಷಧೀನಾ, ಸೊಪ್ಪು ಅಷ್ಟೇ’ ಅನ್ನುತ್ತಾರೆ. ಕಾಯಿಲೆ ಗುಣ ಮಾಡುವಷ್ಟು ಶಕ್ತಿ ಸೊಪ್ಪಿಗೆ ಇದ್ದರೆ ತೊಂದರೆ ಮಾಡುವಷ್ಟು ಶಕ್ತಿಯೂ ಇರುತ್ತದೆ ಅಲ್ವಾ? ಅದನ್ನೂ ಬರೆಯಿರಿ.

ಹಂತ 4: ಸೂಜಿಗೆ ಹೋಗುವ ದಿನ

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ತಲೆ ಸುತ್ತಬಹುದು. ಹೊಟ್ಟೆ ಬಿರಿಯುವಂತೆ ಉಂಡೂ ಹೋಗಬೇಡಿ. ಎರಡು ಇಡ್ಲಿ ತಿಂದು ಒಂದೆರಡು ಗಂಟೆ ಬಿಟ್ಟು ಹೋದರೆ ಸರಿ. ಕುಡಿದು ಹೋಗುವ ಮಾತೇ ಇಲ್ಲ.

ಚೀನೀ ಪದ್ಧತಿ ಕಲಿತವರು ನಾಲಿಗೆ ನೋಡುತ್ತಾರೆ, ಎರಡೂ ಕೈಯ ನಾಡಿ ಹಿಡಿಯುತ್ತಾರೆ. ನಮಗೆ ಬೆಳಗ್ಗೆ ಎದ್ದ ಕೂಡಲೇ ನಾಲಿಗೆ ಉಜ್ಜುವ ಅಭ್ಯಾಸ. ಅವತ್ತೊಂದು ದಿನ ಬಿಡಿ. ನಾಲಿಗೆಯ ಮೇಲಿನ ಪೊರೆಯನ್ನೇ ಅವರು ನೋಡುವುದು. ಕಾಫಿ, ಎಲೆ-ಅಡಿಕೆ ಕೂಡ ಬಣ್ಣ ಬದಲಿಸುತ್ತವೆ.

ಬಿಂದುಗಳು ಹೆಚ್ಚಾಗಿ ಮೊಣಕಾಲಿನಿಂದ ಕೆಳಗೆ, ಮೊಣಕೈಯಿಂದ ಕೆಳಗೆ ಇರುತ್ತವೆ. ಮಂಡಿಯ ಮೇಲಕ್ಕೆ ಮಡಚಬಹುದಾದ ಸಡಿಲ ಪೈಜಾಮ, ಪಂಚೆ, ಚೂಡಿದಾರ್ ಒಳ್ಳೆಯದು. ಜೀನ್ಸ್ ಬೇಡ. ಕೈತುಂಬ ಬಳೆ, ವಾಚು, ಬಿಗಿಯಾದ ಕಾಲ್ಗೆಜ್ಜೆ ತೆಗೆದಿಡಬೇಕಾಗಬಹುದು. ಹೆಣ್ಣುಮಕ್ಕಳು ಮಹಿಳಾ ವೈದ್ಯರನ್ನೋ ಜೊತೆಗೊಬ್ಬರು ಇರುವುದನ್ನೋ ಕೇಳಬಹುದು, ಅದು ನಿಮ್ಮ ಹಕ್ಕು.

ಹಣದ ಮಾತು ಅವತ್ತೇ ಮುಗಿಸಿ. ಒಂದು ಸಲಕ್ಕೆ ಎಷ್ಟು, ಕಷಾಯ-ಎಣ್ಣೆ ಸೇರಿದೆಯಾ, ಮಧ್ಯೆ ಬಿಟ್ಟರೆ ಹಣ ವಾಪಸ್ ಬರುತ್ತದಾ? ಇಪ್ಪತ್ತು ಸಲದ ಪ್ಯಾಕೇಜಿಗೆ ಮೊದಲೇ ಹಣ ಕಟ್ಟಬೇಡಿ. ಆಯುಷ್ (ಆಯುರ್ವೇದ, ಯೋಗ, ಪ್ರಕೃತಿ ಚಿಕಿತ್ಸೆ ಮುಂತಾದ ಪದ್ಧತಿಗಳ) ಆಸ್ಪತ್ರೆಯಲ್ಲಿ ದಾಖಲಾದರೆ ವಿಮೆ ಸಿಗಬಹುದು. ಕ್ಲಿನಿಕ್ಕಿಗೆ ಹೋಗಿ ಸೂಜಿ ಹಾಕಿಸಿಕೊಂಡು ಬಂದ ಬಿಲ್ಲಿಗೆ ಹಣ ಬರುವುದು ಅಪರೂಪ.

ಹಂತ 5: ಮೇಜಿನ ಮೇಲೆ ಮಲಗಿದಾಗ

ಮೊದಲ ಭೇಟಿಗೆ ಒಂದು ಗಂಟೆ ಬೇಕಾಗುತ್ತದೆ. ಪ್ರಶ್ನೆಗಳು ಬಹಳ. ನಿದ್ದೆ, ಮಲ, ಬೆವರು, ಮುಟ್ಟು, ಚಳಿ ಜಾಸ್ತಿಯೋ ಸೆಕೆ ಜಾಸ್ತಿಯೋ, ಎಲ್ಲ ಕೇಳುತ್ತಾರೆ. ಮಂಡಿನೋವಿಗೂ ನನ್ನ ನಿದ್ದೆಗೂ ಏನು ಸಂಬಂಧ ಅಂತ ಅನಿಸುತ್ತದೆ. ಅವರ ಪದ್ಧತಿಯಲ್ಲಿ ಸಂಬಂಧ ಇದೆ, ಉತ್ತರಿಸಿ.

ಸೂಜಿಯ ಬಗ್ಗೆ ಭಯ ಇರುವವರಿಗೆ ಒಂದು ಲೆಕ್ಕ. ಇಂಜೆಕ್ಷನ್ ಸೂಜಿ ಟೊಳ್ಳು, ಸಾಮಾನ್ಯವಾಗಿ ಅರ್ಧ ಮಿ.ಮೀ.ಗಿಂತ ದಪ್ಪ. ಅಕ್ಯುಪಂಕ್ಚರ್ ಸೂಜಿ ಗಟ್ಟಿ ಸ್ಟೀಲ್ ಎಳೆ, ದಪ್ಪ 0.16ರಿಂದ 0.30 ಮಿ.ಮೀ. ಒಳಗೆ ಏನನ್ನೂ ಬಿಡುವುದಿಲ್ಲ. ಒಳಹೋಗುವಾಗ ಚುರ್ ಅನ್ನಬಹುದು. ಆಮೇಲೆ ಆ ಜಾಗ ಭಾರವಾದಂತೆ, ಮಂಕಾಗಿ ನೋಯುವಂತೆ, ಸಣ್ಣಗೆ ಜುಮ್ಮೆಂದಂತೆ ಆದರೆ ಅದು ಸರಿ, ಅದನ್ನೇ ಅವರು ಹುಡುಕುತ್ತಿರುತ್ತಾರೆ. ಕರೆಂಟ್ ಹೊಡೆದಂತೆ ಚಳಕು ಹರಿದರೆ, ಸುಡುವಂತೆ ನೋವಾದರೆ ಕೂಡಲೇ ಹೇಳಿ. ಹಲ್ಲು ಕಚ್ಚಿಕೊಂಡು ತಡೆಯುವುದರಲ್ಲಿ ಯಾವ ಪುಣ್ಯವೂ ಇಲ್ಲ.

ನೀವು ಕಣ್ಣಾರೆ ನೋಡಬೇಕಾದ್ದು ಒಂದೇ: ಮುಚ್ಚಿದ ಪ್ಯಾಕೆಟ್ಟನ್ನು ನಿಮ್ಮ ಎದುರಿಗೆ ಒಡೆಯಬೇಕು. ಅದರ ಮೇಲೆ ‘ಒಂದೇ ಸಲ ಬಳಸಲು’ ಎಂಬ ಅರ್ಥದ ಗುರುತು ಮತ್ತು ಅವಧಿ ಮುಗಿಯುವ ದಿನಾಂಕ ಇರಬೇಕು. ತೆಗೆದ ಸೂಜಿ ಗಟ್ಟಿ ಡಬ್ಬಿಗೆ ಬೀಳಬೇಕು. ‘ನಿಮ್ಮದೇ ಸೂಜಿ, ತೊಳೆದು ಡಬ್ಬಿಯಲ್ಲಿಟ್ಟಿರ್ತೀವಿ’ ಅಂದರೆ ಎದ್ದು ಬನ್ನಿ. ಹೆಪಟೈಟಿಸ್ ಬಿ ಅಂಟಿಕೊಳ್ಳಲು ಕಣ್ಣಿಗೆ ಕಾಣದಷ್ಟು ರಕ್ತ ಸಾಕು.

ಸಾಮಾನ್ಯವಾಗಿ ಐದರಿಂದ ಹದಿನೈದು ಸೂಜಿ, 20ರಿಂದ 30 ನಿಮಿಷ. ಮಧ್ಯೆ ನಿದ್ದೆ ಬಂದರೆ ಆಶ್ಚರ್ಯವಿಲ್ಲ. ಅಲುಗಾಡಬೇಡಿ, ಕರೆಯಲು ಗಂಟೆ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಮೊದಲ ಸಲ ಮಲಗಿಯೇ ಹಾಕಿಸಿಕೊಳ್ಳಿ. ಕೂತಿದ್ದಾಗ ತಲೆಸುತ್ತಿ ಬೀಳುವವರು ಹೆಚ್ಚು.

ಸೂಜಿಗಳಿಗೆ ತಂತಿ ಸಿಕ್ಕಿಸಿ ಸಣ್ಣ ವಿದ್ಯುತ್ ಬಿಡುವುದೂ ಉಂಟು. ಪೇಸ್‌ಮೇಕರ್ ಇದ್ದವರಿಗೆ ಇದು ಬೇಡ. ಇನ್ನೊಂದು, ಒಣಗಿದ ಎಲೆಯ ಉಂಡೆಯನ್ನೋ ಕಡ್ಡಿಯನ್ನೋ ಉರಿಸಿ ಚರ್ಮಕ್ಕೆ ಶಾಖ ಕೊಡುವುದು. ಆ ಎಲೆ ಬೇರೇನಲ್ಲ, ಗಣೇಶನ ಪೂಜೆಗೆ ತರುವ ಮಾಚಿಪತ್ರೆಯ, ಮುಡಿಯುವ ದವನದ ಬಳಗದ್ದೇ. ಹೊಗೆ ಜಾಸ್ತಿ, ಆಸ್ತಮಾ ಇದ್ದವರು ಬೇಡ ಅನ್ನಿ. ಮಧುಮೇಹದಿಂದ ಪಾದ ಮರಗಟ್ಟಿದವರಿಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ, ಅವರಂತೂ ಕಾಲಿಗೆ ಶಾಖ ಕೊಡಿಸಿಕೊಳ್ಳಲೇಬಾರದು.

ಅಪಾಯ ಎಷ್ಟು? ಜರ್ಮನಿಯಲ್ಲಿ 2,29,230 ರೋಗಿಗಳನ್ನು ಗಮನಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಶೇ 8.6 ಮಂದಿಗೆ ಏನಾದರೊಂದು ಕಿರಿಕಿರಿ ಆಗಿತ್ತು. ಅದರಲ್ಲಿ ಬಹುಪಾಲು ಸಣ್ಣ ರಕ್ತಸ್ರಾವ ಇಲ್ಲವೇ ಕಂದುಗಟ್ಟಿದ ಕಲೆ. ಶ್ವಾಸಕೋಶಕ್ಕೆ ಸೂಜಿ ತಾಗಿ ಗಾಳಿ ಸೋರಿದ್ದು ಇಬ್ಬರಿಗೆ. ಅಲ್ಲಿ ಸೂಜಿ ಹಾಕಿದವರೆಲ್ಲ ತರಬೇತಿ ಪಡೆದ ವೈದ್ಯರು ಅನ್ನುವುದು ನೆನಪಿರಲಿ. ಎದೆ, ಭುಜದ ಮೇಲ್ಭಾಗ, ಬೆನ್ನಿನ ಮೇಲ್ಭಾಗಕ್ಕೆ ಚುಚ್ಚಿಸಿಕೊಂಡ ಮೇಲೆ ಉಸಿರಾಡಲು ಕಷ್ಟವಾದರೆ, ಎದೆ ಚುಚ್ಚಿದಂತಾದರೆ, ರಾತ್ರಿಯಾದರೂ ಸರಿ, ತುರ್ತು ವಿಭಾಗಕ್ಕೆ ಹೋಗಿ ‘ಸೂಜಿ ಹಾಕಿಸ್ಕೊಂಡಿದ್ದೆ’ ಅಂತ ಹೇಳಿ. ಹೇಳದಿದ್ದರೆ ಅವರಿಗೆ ಹೊಳೆಯುವುದು ತಡವಾಗುತ್ತದೆ.

ಗರ್ಭಿಣಿಯರಿಗೆ ಹೆಬ್ಬೆರಳು-ತೋರುಬೆರಳಿನ ನಡುವಿನ ಬಿಂದು, ಕಾಲಿನ ಒಳಗಿನ ಹರಡಿನ ಮೇಲಿನ ಬಿಂದು ಇವನ್ನು ಸಂಪ್ರದಾಯದಲ್ಲೇ ಬಿಟ್ಟಿದ್ದಾರೆ. ತಿಂಗಳು ತಪ್ಪಿದ ಅನುಮಾನ ಇದ್ದರೂ ಬಾಯಿಬಿಟ್ಟು ಹೇಳಿ.

ಹಂತ 6: ಎಷ್ಟು ಸಲ?

ಮನೆಗೆ ಬಂದ ದಿನ ಸುಸ್ತು, ನಿದ್ದೆ, ಕೆಲವರಿಗೆ ನೋವು ಒಂದು ದಿನ ಜಾಸ್ತಿ. ಗಾಡಿ ಓಡಿಸಲು ಆತುರ ಬೇಡ.

ಹಳೆಯ ನೋವಿಗೆ ವಾರಕ್ಕೆ ಒಂದೋ ಎರಡೋ ಸಲದಂತೆ ಆರರಿಂದ ಹತ್ತು ಸಲ ನೋಡುವುದು ರೂಢಿ. ಶುರು ಮಾಡುವ ಮೊದಲೇ ಅಳತೆ ಇಟ್ಟುಕೊಳ್ಳಿ. ‘ಪರವಾಗಿಲ್ಲ ಅನ್ಸುತ್ತೆ’ ಅನ್ನುವುದು ಅಳತೆಯಲ್ಲ. ಎಷ್ಟು ಮೆಟ್ಟಿಲು ಹತ್ತುತ್ತೀರಿ, ತಿಂಗಳಲ್ಲಿ ಎಷ್ಟು ದಿನ ತಲೆನೋವು, ವಾರಕ್ಕೆ ಎಷ್ಟು ನೋವಿನ ಮಾತ್ರೆ, ಇವನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಆರು ಸಲದ ಹೊತ್ತಿಗೆ ಸಂಖ್ಯೆ ಅಲ್ಲಾಡದಿದ್ದರೆ ಡಾಕ್ಟರ ಜೊತೆ ಕೂತು ಮಾತಾಡಿ, ಹತ್ತಾದರೂ ಅಷ್ಟೇ ಇದ್ದರೆ ನಿಲ್ಲಿಸಿ. ಗುಣ ಕಂಡರೂ ಮಂಡಿಗೆ ವ್ಯಾಯಾಮ, ತೂಕ ಇಳಿಸುವುದು ಬಿಡಬೇಡಿ. ನೋವು ಕಡಿಮೆಯಾದ ಆ ಕೆಲವು ವಾರಗಳೇ ವ್ಯಾಯಾಮ ಶುರು ಮಾಡಲು ಒಳ್ಳೆ ಸಮಯ.

ಹಂತ 7: ಔಷಧಿ ಕೈಗೆ ಬಂದಾಗ

ಆಯುರ್ವೇದದ ಚೀಟಿಯಲ್ಲಿ ಕಷಾಯ, ಚೂರ್ಣ, ಲೇಹ್ಯ, ಅರಿಷ್ಟ, ಘೃತ, ವಟಿ, ಭಸ್ಮ ಹೀಗೆ ಏನಾದರೂ ಇರುತ್ತದೆ. ಪ್ರತಿಯೊಂದಕ್ಕೂ ಒಂದು ಗುಟ್ಟು ಇದೆ.

ಕಷಾಯದ ಪುಡಿ ತರಿತರಿಯಾಗಿರುತ್ತದೆ. ಮನೆಯಲ್ಲಿ ಮಾಡುವ ರೂಢಿ: ಎರಡು ಚಮಚ ಪುಡಿಗೆ ಎರಡು ಲೋಟ ನೀರು, ಮುಚ್ಚಳ ಹಾಕದೆ ಸಣ್ಣ ಉರಿಯಲ್ಲಿ ಅರ್ಧ ಲೋಟಕ್ಕೆ ಇಳಿಸಿ ಸೋಸುವುದು. ವೈದ್ಯರು ಬೇರೆ ಅಳತೆ ಹೇಳಿದ್ದರೆ ಅದೇ ಸರಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸ್ಟೀಲ್ ಸಾಕು. ಅವತ್ತಿನದು ಅವತ್ತೇ ಮುಗಿಸಿ. ಜೇನು ಹಾಕಲು ಹೇಳಿದ್ದರೆ ಆರಿದ ಮೇಲೆ ಹಾಕಿ, ಕುದಿಯುವಾಗ ಹಾಕುವುದನ್ನು ಆಯುರ್ವೇದ ಒಪ್ಪುವುದಿಲ್ಲ.

ಅರಿಷ್ಟ, ಆಸವಗಳನ್ನು ಹುಳಿ ಬರಿಸಿ ಮಾಡುತ್ತಾರೆ. ಅಲ್ಲೇ ಹುಟ್ಟಿದ ಮದ್ಯಸಾರ ಸಾಮಾನ್ಯವಾಗಿ ಶೇ 5ರಿಂದ 10ರವರೆಗೆ ಇರುತ್ತದೆ. ದಶಮೂಲಾರಿಷ್ಟ, ಅಶೋಕಾರಿಷ್ಟ ಎಲ್ಲ ಇದೇ ಜಾತಿ. ಊಟವಾದ ಮೇಲೆ ಅಷ್ಟೇ ನೀರು ಬೆರೆಸಿ ಕುಡಿಯುತ್ತಾರೆ. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಜೊತೆ ಬೇಡ. ಯಕೃತ್ತಿನ ತೊಂದರೆ ಇದ್ದವರು, ಕುಡಿತ ಬಿಟ್ಟವರು ಮೊದಲೇ ಹೇಳಬೇಕು. ಲೇಹ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಲ್ಲ-ಸಕ್ಕರೆ ಇರಬಹುದು. ಮಧುಮೇಹ ಇದ್ದವರು ಚ್ಯವನಪ್ರಾಶವನ್ನು ಚಮಚಗಟ್ಟಲೆ ತಿನ್ನುವುದು ಕಂಡರೆ ನನಗೆ ಅರ್ಥವಾಗುವುದಿಲ್ಲ.

ಭಸ್ಮ, ‘ರಸ’ ಎಂದು ಹೆಸರಿರುವ ಔಷಧಿಗಳಲ್ಲಿ ಪಾದರಸ, ಸೀಸ, ಪಾಷಾಣ (ಆರ್ಸೆನಿಕ್) ಇರಬಹುದು. ಶೋಧನೆ (ಶುದ್ಧಿ) ಮಾಡಿದರೆ ಸುರಕ್ಷಿತ ಎಂಬುದು ಪದ್ಧತಿಯ ವಾದ. ಆದರೆ ಇಂಟರ್ನೆಟ್ಟಿನಲ್ಲಿ ಮಾರುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಅಮೆರಿಕದ ತಂಡವೊಂದು ಪರೀಕ್ಷಿಸಿದಾಗ ಸುಮಾರು ಐದರಲ್ಲೊಂದರಲ್ಲಿ ಈ ಲೋಹಗಳು ಸಿಕ್ಕವು. ಅದು ಪ್ರಕಟವಾದದ್ದು 2008ರಲ್ಲಿ. ಇಂಥ ವಿಷದ್ರವ್ಯ ಇರುವ ಔಷಧಿಯ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಿ ಎಂಬ ಎಚ್ಚರಿಕೆ ಇರಬೇಕೆಂದು ನಮ್ಮ ಕಾನೂನೇ ಹೇಳುತ್ತದೆ. ಮಕ್ಕಳಿಗೆ, ಗರ್ಭಿಣಿಯರಿಗೆ, ಕಿಡ್ನಿ ದುರ್ಬಲ ಇರುವವರಿಗೆ ಬೇಡವೇ ಬೇಡ ಅನ್ನುವುದು ನನ್ನ ಮಾತು. ಕಾರಣವಿಲ್ಲದ ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ ಬಂದರೆ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ.

ಲೇಬಲ್ ಓದುವುದು ಹೀಗೆ. ತಯಾರಿಕೆ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ದಿನ, ಒಳಗಿರುವ ಪ್ರತಿ ದ್ರವ್ಯದ ಹೆಸರು ಮತ್ತು ಪ್ರಮಾಣ ಇರಬೇಕು. ಬರೀ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಇದ್ದರೆ ಅದು ಆಹಾರ, ಔಷಧಿ ಅಲ್ಲ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಫಿಟ್ಸ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಹಾಕುವುದು 1954ರ ಕಾಯ್ದೆಯ ಪ್ರಕಾರವೇ ಅಪರಾಧ. ಹಾಗೆ ಕಾನೂನು ಮುರಿದು ಮಾರುವವರು ಬಾಟಲಿಯೊಳಗೆ ಏನು ತುಂಬಿರುತ್ತಾರೆ ಅಂತ ನೀವೇ ಊಹಿಸಿ.

ಹೆಸರಿಲ್ಲದ ಪುಡಿಯಲ್ಲಿ ಇನ್ನೊಂದು ಮೋಸ ಇದೆ, ಸ್ಟೀರಾಯ್ಡ್ ಬೆರೆಸುವುದು. ವರ್ಷಗಳ ಸಂಧಿವಾತ, ಆಸ್ತಮಾ ಎರಡೇ ದಿನದಲ್ಲಿ ಮಾಯವಾದರೆ, ಹಸಿವು ವಿಪರೀತವಾಗಿ ಮುಖ ಗುಂಡಗೆ ಊದಿಕೊಂಡರೆ ಅನುಮಾನ ಪಡಿ. ಆದರೆ ತಟ್ಟನೆ ನಿಲ್ಲಿಸಬೇಡಿ, ಬಹಳ ದಿನ ತೆಗೆದುಕೊಂಡಿದ್ದರೆ ಅದೂ ಅಪಾಯ. ಪುಡಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ.

ಹಂತ 8: ಯಾವುದರ ಜೊತೆ ಯಾವುದು ಬೇಡ

ಅತಿಮಧುರದಿಂದ ಶುರು ಮಾಡೋಣ. ಗಂಟಲಿಗೆ ಅಂತ ಎಲ್ಲರೂ ಜಗಿಯುವ ಬೇರು. ಚೀನೀ ಕಷಾಯಗಳಲ್ಲೂ ಬಹಳ ಕಡೆ ಇದು ಇರುತ್ತದೆ. ವಾರಗಟ್ಟಲೆ ತೆಗೆದುಕೊಂಡರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಬಿಪಿ ಇದ್ದವರಿಗೆ, ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಹೃದಯದ ಮಾತ್ರೆ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಇದು ಹೃದಯದ ಬಡಿತವನ್ನೇ ಕೆಡಿಸಬಹುದು.

ಅಮೃತಬಳ್ಳಿಯ ಕಥೆ ನಮಗೆ ಹತ್ತಿರದ್ದು. ಕೋವಿಡ್ ಕಾಲದಲ್ಲಿ ಕಾಂಪೌಂಡಿನ ಬಳ್ಳಿ ಕಿತ್ತು ದಿನವೂ ಕುದಿಸಿ ಕುಡಿದವರು ಎಷ್ಟು ಜನ! 2021ರಲ್ಲಿ ಮುಂಬೈಯ ವೈದ್ಯರು ಅದನ್ನು ಕುಡಿದ ಆರು ಮಂದಿಗೆ ಯಕೃತ್ತು ಊದಿಕೊಂಡದ್ದನ್ನು ವರದಿ ಮಾಡಿದರು. ಮರುವರ್ಷ 13 ಆಸ್ಪತ್ರೆಗಳಿಂದ 43 ಜನರ ವರದಿ ಬಂತು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅದೇ ರೀತಿ ಕಾಣುವ ಬೇರೆ ಬಳ್ಳಿ ಇರಬಹುದು ಅಂದಿತು. ಯಾರು ಸರಿಯೇ ಇರಲಿ, ಥೈರಾಯ್ಡ್ ಅಥವಾ ಯಕೃತ್ತಿನ ಮೇಲೆ ದೇಹವೇ ದಾಳಿ ಮಾಡುವಂಥ ಕಾಯಿಲೆ ಇದ್ದವರು ಸುಮ್ನೆ ರೋಗನಿರೋಧಕ ಶಕ್ತಿಗೆ ಅಂತ ಕುಡಿಯಬೇಡಿ. ಅಶ್ವಗಂಧದ ಮೇಲೂ ಯಕೃತ್ತಿನ ದೂರುಗಳಿವೆ. ಅದು ಥೈರಾಯ್ಡ್ ಹಾರ್ಮೋನ್ ಏರಿಸಬಹುದು, ನಿದ್ದೆ ಮಾತ್ರೆಯ ಜೊತೆ ಮಂಪರು ಹೆಚ್ಚಿಸಬಹುದು. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿಯೇ ಬಿಟ್ಟಿತು.

ಹಾಗಲಕಾಯಿ, ಮಧುನಾಶಿನಿ, ಮೆಂತ್ಯ ಇವು ಸಕ್ಕರೆ ಇಳಿಸುತ್ತವೆ. ಮಾತ್ರೆಯೂ ಇಳಿಸುತ್ತದೆ. ಎರಡೂ ಸೇರಿ ಬೆಳಗಿನ ವಾಕಿಂಗಿನಲ್ಲಿ ಬೆವರಿ ಕುಸಿಯುವಂತಾಗಬಹುದು. ಕಷಾಯ ಶುರು ಮಾಡಿದ ಮೊದಲ ಎರಡು ವಾರ ಗ್ಲುಕೋಮೀಟರಿನಲ್ಲಿ ಹೆಚ್ಚು ಸಲ ನೋಡಿಕೊಳ್ಳಿ. ಸೋರೆಕಾಯಿ ರಸ ಒಂದು ಹನಿ ಕಹಿಯಾಗಿದ್ದರೂ ಉಗಿಯಿರಿ, ಅದರಿಂದ ಪ್ರಾಣವೇ ಹೋದ ಉದಾಹರಣೆ ದೆಹಲಿಯಲ್ಲಿ 2010ರಲ್ಲಿ ಆಗಿದೆ.

ವಾರ್ಫರಿನ್, ಅಸಿಟ್ರೋಮ್ ತೆಗೆದುಕೊಳ್ಳುವವರು ಬೆಳ್ಳುಳ್ಳಿ, ಶುಂಠಿ, ಅರಿಶಿನದ ಕ್ಯಾಪ್ಸೂಲ್‌ಗಳನ್ನು ಕೇಳದೆ ಶುರು ಮಾಡಬಾರದು. ಸಾರಿಗೆ ಹಾಕುವ ಅರಿಶಿನದ ಮಾತಲ್ಲ ಇದು. ಕರಿಮೆಣಸಿನ ಸಾರ ಸೇರಿಸಿದ ಅರಿಶಿನದ ಮಾತ್ರೆ ಬೇರೆ ಔಷಧಿಗಳೂ ದೇಹದಲ್ಲಿ ಹೆಚ್ಚು ಸೇರುವಂತೆ ಮಾಡುತ್ತದೆ. ಥೈರಾಯ್ಡ್ ಮಾತ್ರೆಗೂ ಇಸಬ್ಗೋಲಿಗೂ ಗಂಟೆಗಳ ಅಂತರ ಇರಲಿ.

ಈಶ್ವರಿ ಬೇರನ್ನು ಹಾವಿನ ವಿಷಕ್ಕೆ, ಜ್ವರಕ್ಕೆ ಅಂತ ಹಳ್ಳಿಗಳಲ್ಲಿ ಇಟ್ಟುಕೊಳ್ಳುತ್ತಾರೆ. ಅದರ ಬಳಗದ ಒಂದು ಚೀನೀ ಗಿಡ 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಔಷಧಿಗೆ ತಪ್ಪಾಗಿ ಸೇರಿತು. ಹೆಸರು ಹೋಲುತ್ತಿತ್ತು, ಅಷ್ಟೇ ಕಾರಣ. ನೂರಕ್ಕೂ ಹೆಚ್ಚು ಮಂದಿಯ ಕಿಡ್ನಿ ಕೆಟ್ಟಿತು, ಹಲವರಿಗೆ ಆಮೇಲೆ ಮೂತ್ರನಾಳದ ಕ್ಯಾನ್ಸರ್ ಬಂತು. ಈ ಬೇರಿನಲ್ಲಿರುವುದೂ ಅದೇ ವಿಷ. ಮುಟ್ಟಬೇಡಿ. ಹಾವು ಕಚ್ಚಿದರೆ ಬೇರು ಅರೆಯುತ್ತಾ ಕೂರದೆ ವಿಷನಿರೋಧಕ ಇಂಜೆಕ್ಷನ್ ಇರುವ ಆಸ್ಪತ್ರೆಗೆ ಓಡಿ.

ಆಪರೇಷನ್ ಇದ್ದರೆ ಎರಡು ವಾರ ಮೊದಲೇ ಮೂಲಿಕೆಗಳನ್ನು ನಿಲ್ಲಿಸುವುದು ರೂಢಿ. ಅರಿವಳಿಕೆ ಕೊಡುವ ಡಾಕ್ಟರಿಗೆ ಪಟ್ಟಿ ತೋರಿಸಿ.

ವಿದೇಶದಲ್ಲಿರುವ ಕನ್ನಡಿಗರಿಗೆ ಎರಡು ಮಾತು. ಅಮೆರಿಕದಲ್ಲಿ ಸೂಜಿ ಹಾಕುವವರಿಗೆ ಬಹುತೇಕ ರಾಜ್ಯಗಳ ಪರವಾನಗಿ ಬೇಕು, ಅದನ್ನು ರಾಜ್ಯದ ಜಾಲತಾಣದಲ್ಲೇ ನೋಡಬಹುದು. 65 ದಾಟಿದ ಅಪ್ಪ-ಅಮ್ಮನಿಗೆ ಮೆಡಿಕೇರ್ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಇದ್ದರೆ ಹಳೆಯ ಸೊಂಟನೋವಿಗೆ 90 ದಿನಗಳಲ್ಲಿ 12 ಸಲದವರೆಗೆ 2020ರಿಂದ ಅದು ಹಣ ಕೊಡುತ್ತದೆ. ಊರಿನಿಂದ ಸೂಟ್‌ಕೇಸಿನಲ್ಲಿ ತಂದ ಲೇಹ್ಯ, ಭಸ್ಮದ ಹೆಸರನ್ನು ಅಲ್ಲಿನ ಡಾಕ್ಟರಿಗೆ ತಿಳಿಸಿ. ಹೆಸರು ಅವರಿಗೆ ಅರ್ಥವಾಗದಿದ್ದರೆ ಒಳಗಿರುವ ದ್ರವ್ಯಗಳ ಪಟ್ಟಿ ಇರುವ ಬದಿಯ ಫೋಟೊ ಕೊಡಿ.

ಹಂತ 9: ನಿಲ್ಲಿಸಬೇಕಾದ ಹೊತ್ತು

ಕಣ್ಣು ಹಳದಿಯಾದರೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ, ಮೈತುಂಬ ತುರಿಕೆ, ಊಟ ಕಂಡರೆ ವಾಕರಿಕೆ, ಮೂತ್ರ ಕಡಿಮೆಯಾಗಿ ಕಾಲು ಊದಿದರೆ ಅವತ್ತೇ ಔಷಧಿ ನಿಲ್ಲಿಸಿ ರಕ್ತಪರೀಕ್ಷೆ ಮಾಡಿಸಿ. ಒಂದು ತಿಂಗಳಿಗಿಂತ ಹೆಚ್ಚು ಔಷಧಿ ಮುಂದುವರಿಯುವುದಾದರೆ ಶುರುವಿನಲ್ಲೊಮ್ಮೆ, ಆರೇಳು ವಾರಕ್ಕೊಮ್ಮೆ ಯಕೃತ್ತು, ಕಿಡ್ನಿ ಪರೀಕ್ಷೆ ಮಾಡಿಸುವಂತೆ ವೈದ್ಯರನ್ನೇ ಕೇಳಿ. ಖರ್ಚು ದೊಡ್ಡದಲ್ಲ.

ಒಂದೇ ದಿನ ನಾಲ್ಕು ಹೊಸ ಔಷಧಿ ಶುರು ಮಾಡಬೇಡಿ. ವಾರಕ್ಕೊಂದರಂತೆ ಸೇರಿಸಲು ಆಗುತ್ತದಾ ಅಂತ ವಿಚಾರಿಸಿ. ಆಗ ಯಾವುದರಿಂದ ಗುಣ, ಯಾವುದರಿಂದ ಗಂಧೆ ಎದ್ದಿತು ಎಂದು ಗೊತ್ತಾಗುತ್ತದೆ. ಖಾಲಿ ಬಾಟಲಿ, ಪ್ಯಾಕೆಟ್ ಎಸೆಯಬೇಡಿ, ಚಿಕಿತ್ಸೆ ಮುಗಿದು ಎರಡು ತಿಂಗಳವರೆಗಾದರೂ ಇಟ್ಟುಕೊಳ್ಳಿ. ತೊಂದರೆ ಆದಾಗ ತುರ್ತು ವಿಭಾಗದಲ್ಲಿ ಅವರು ಮೊದಲು ಕೇಳುವುದು ಅದನ್ನೇ. ಆಯುಷ್ ಔಷಧಿಗಳ ಅಡ್ಡಪರಿಣಾಮ ದಾಖಲಿಸಲು 2018ರಿಂದ ರಾಷ್ಟ್ರೀಯ ವ್ಯವಸ್ಥೆಯೊಂದಿದೆ. ಹತ್ತಿರದ ಆಯುರ್ವೇದ ಕಾಲೇಜು ಆಸ್ಪತ್ರೆಯಲ್ಲಿ ಕೇಳಿ, ಬ್ಯಾಚ್ ಸಂಖ್ಯೆ ಸಮೇತ ದೂರು ಬರೆಸಿ.